ಸವೇರಿಯೊನಿಗೆ ಮಾತು ಎತ್ತಿಕೊಟ್ಟವರು

ಸವೇರಿಯೊ ಪಲೊಂಬಾನನ್ನು ನೀವು ಸಿನಿಮಾದಲ್ಲಿ ನೋಡಿರುತ್ತೀರಿ, ಹೆಸರು ಗೊತ್ತಿರುವುದಿಲ್ಲ ಅಷ್ಟೆ. ಹೋಟೆಲಿನಲ್ಲಿ ನಾಯಕ ನಾಯಕಿ ಮುನಿಸಿಕೊಂಡು ಕೂತಿರುವಾಗ, ಸೂಪಿನ ಬಟ್ಟಲು ಹಿಡಿದು, ಇಡಲೋ ಬೇಡವೋ ಎಂದು ಹಿಂದೆ ನಿಂತಿರುವ ದಪ್ಪ ಮೀಸೆಯವನು ಅವನೇ. ಪೊಲೀಸರು ಕಳ್ಳನ ಬೆನ್ನು ಹತ್ತಿದಾಗ ಹಣ್ಣಿನ ಗಾಡಿ ಮಗುಚಿ, ನಡುಬೀದಿಯಲ್ಲಿ ತಲೆ ಚಚ್ಚಿಕೊಳ್ಳುವವನೂ ಅವನೇ. ಕ್ಷೌರಿಕನಾಗಿದ್ದಾನೆ, ಪಾದ್ರಿಯಾಗಿದ್ದಾನೆ, ಒಮ್ಮೆ ಸುಲ್ತಾನನ ಅಡುಗೆಭಟ್ಟನೂ ಆಗಿದ್ದಾನೆ. ಲಾಸ್ ಏಂಜಲಿಸ್‌ನಲ್ಲಿ ನದಿಯ ಆಚೆ ದಡದ, ನೇಪಲ್ಸ್ ಕಡೆಯ ನಮ್ಮವರ ಬೀದಿಯಲ್ಲಿ ಅವನು ನಡೆದರೆ ಮಕ್ಕಳೆಲ್ಲ "ಗಾಡಿ ಬಿತ್ತು, ಗಾಡಿ ಬಿತ್ತು" ಎಂದು ಬೆನ್ನು ಬೀಳುತ್ತಿದ್ದವು. ಅವನು ಪ್ರತಿ ಸಲವೂ ನಿಂತು ತಲೆ ಚಚ್ಚಿಕೊಂಡು ತೋರಿಸುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು.

"ಬಿಟ್ಟಿ ಆಟ ಯಾಕೆ ಆಡ್ತೀಯೋ ಮಂಕೇ," ಎಂದು ಬೈದರೆ, "ಇವರಾದ್ರೂ ನನ್ನ ನೋಡ್ತಾರಲ್ಲ ನುಂಜಿ, ಬಿಡು," ಎನ್ನುತ್ತಿದ್ದ.

ನುಂಜಿ ಎಂದರೆ ನಾನು, ನುಂಜಿಯಾತಾ. ನಾಟಕದಲ್ಲಿ ಮಾತು ಎತ್ತಿಕೊಡುವುದು ನನ್ನ ಕೆಲಸ. ರಂಗದ ಮುಂಭಾಗದಲ್ಲಿ ಹಲಗೆ ಕತ್ತರಿಸಿ ಮಾಡಿದ ಗುಂಡಿಯಲ್ಲಿ, ಪ್ರೇಕ್ಷಕರಿಗೆ ಕಾಣದಂತೆ ತಲೆಯ ಮೇಲೆ ಒಂದು ಮುಚ್ಚಳ ಹಾಕಿಕೊಂಡು ಕೂರುವವಳು. ನನ್ನ ಯೌವನವೆಲ್ಲ ಆ ಗುಂಡಿಯಲ್ಲೇ ಕಳೆಯಿತು. ನಮ್ಮ ನೇಪಲ್ಸ್ ಕಡೆಯ ಕಂಪನಿಗಳಲ್ಲಿ ದಿನಕ್ಕೊಂದು ನಾಟಕ. ಇವತ್ತು ರಾಜನಾದವನು ನಾಳೆ ಮೀನು ಮಾರಬೇಕು. ಯಾರು ಕೂತು ಬಾಯಿಪಾಠ ಮಾಡುತ್ತಾರೆ? ಯಾರೂ ಮಾಡುತ್ತಿರಲಿಲ್ಲ. ನಾನು ಕೆಳಗಿನಿಂದ ಸಾಲು ಪಿಸುಗುಟ್ಟುವುದು, ಅವರು ಅದನ್ನು ಹಿಡಿದು ಮೇಲೆ ಹೇಳುವುದು. ಅಮೆರಿಕಕ್ಕೆ ಬಂದ ಮೇಲೂ ಅದೇ ನಡೆಯಿತು. ನಟರು ಊರಲ್ಲೆಲ್ಲ ಎದೆಯುಬ್ಬಿಸಿ ತಿರುಗುತ್ತಿದ್ದರು. ಅವರ ಬಾಯಲ್ಲಿ ಬಂದದ್ದೆಲ್ಲ ಮೊದಲು ನನ್ನ ಬಾಯಲ್ಲಿ ಬಂದದ್ದು ಎಂದು ಒಬ್ಬನೂ ಹೇಳಿದವನಲ್ಲ.

ಸವೇರಿಯೊ ಮಾತ್ರ ಹೇಳುತ್ತಿದ್ದ. ಅವನಿಗೆ ಒಂದು ರೂಢಿ ಇತ್ತು. ನನ್ನ ಪಿಸುಮಾತು ಮುಗಿದ ಕೂಡಲೇ ಬಾಯಿ ತೆರೆಯುತ್ತಿರಲಿಲ್ಲ. ಮೂಗಿನಲ್ಲಿ ಒಂದು ಉಸಿರು ಎಳೆದುಕೊಳ್ಳುತ್ತಿದ್ದ, ಆಮೇಲೆ ಹೇಳುತ್ತಿದ್ದ. ಆ ಒಂದು ಉಸಿರಿಗೆ ಜನ ಮರುಳಾಗುತ್ತಿದ್ದರು. ಪಾತ್ರ ನೋವು ನುಂಗಿಕೊಳ್ಳುತ್ತಿದೆ ಎಂದುಕೊಂಡು ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು. ಎಂಥ ನೋವು, ಎಂಥ ಮಣ್ಣು. ಚಿಕ್ಕಂದಿನಲ್ಲಿ ಹತ್ತಿದ ಅಭ್ಯಾಸ ಅದು. ಕ್ರಿಸ್‌ಮಸ್ ದಿನ ಊಟಕ್ಕೆ ಮುಂಚೆ ಮಗುವನ್ನು ಕುರ್ಚಿಯ ಮೇಲೆ ನಿಲ್ಲಿಸಿ ಪದ್ಯ ಹೇಳಿಸುತ್ತಾರಲ್ಲ, ಆಗ ಇವನಿಗೆ ಒಂದು ಸಾಲೂ ನೆನಪಿರುತ್ತಿರಲಿಲ್ಲವಂತೆ. ಅವನ ತಾಯಿ ಕುರ್ಚಿಯ ಹಿಂದೆ ಬಗ್ಗಿ ನಿಂತು ಒಂದೊಂದೇ ಸಾಲು ಎತ್ತಿಕೊಡುತ್ತಿದ್ದಳಂತೆ. ಮಗ ಉಸಿರೆಳೆದು ಹೇಳುವುದು, ಮಾವಂದಿರೆಲ್ಲ ಚಪ್ಪಾಳೆ ತಟ್ಟುವುದು.

ಆ ತಾಯಿ ದೊನ್ನಾ ವಿಚೆಂಜಾ, ದೊನ್ನಾ ಎಂದರೆ ನಮ್ಮಲ್ಲಿ ಅಮ್ಮನವರು ಎಂದ ಹಾಗೆ. ಇರುವುದು ತೊರ್ರೆ ದೆಲ್ ಗ್ರೆಕೊದಲ್ಲಿ, ಬೆಂಕಿಬೆಟ್ಟದ ಬುಡಕ್ಕೆ. ಊರೆಲ್ಲ ಹವಳದ ಕೆಲಸದವರು. ಎಳೆತನದಿಂದ ಹವಳ ಕೊರೆದೂ ಕೊರೆದೂ ಅವಳ ಕಣ್ಣು ಪೂರ್ತಿ ಹೋಗಿತ್ತು. ಸವೇರಿಯೊ ಅವಳನ್ನು ಬಿಟ್ಟು ಬಂದಾಗ ಇನ್ನೂ ಮೀಸೆ ಚಿಗುರುತ್ತಿದ್ದ ಹುಡುಗ. ಆಮೇಲೆ ಯುದ್ಧ ಬಂತು, ಸೈನ್ಯಕ್ಕೆ ಬಾ ಎಂದು ಊರಿನಿಂದ ಕರೆ ಬಂತು, ಇವನು ಹೋಗಲಿಲ್ಲ. ಹಾಗಾಗಿ ಊರಿಗೆ ಕಾಲಿಟ್ಟರೆ ಬಂದರಿನಲ್ಲೇ ಕೈಗೆ ಬೇಡಿ ಬೀಳುತ್ತಿತ್ತು. ಮಗ ಹೋಗುವಂತಿಲ್ಲ, ತಾಯಿ ಬರುವಂತಿಲ್ಲ. ಅವರಿಬ್ಬರ ನಡುವೆ ಓಡಾಡುತ್ತಿದ್ದವನು ಸವೇರಿಯೊನ ಅಕ್ಕನ ಮಗ ಆನಿಯೆಲ್ಲೊ ಒಬ್ಬನೇ. ಅವನು ಹಡಗಿನಲ್ಲಿ ಕಲ್ಲಿದ್ದಲು ಹಾಕುವವನು. ಹಡಗು ಸ್ಯಾನ್ ಪೆದ್ರೊ ಬಂದರಿಗೆ ಬಂದಾಗೆಲ್ಲ ನನ್ನ ಅಡುಗೆಮನೆಗೆ ಬಂದು ಕಡಲೆಕಾಳು ಹಾಕಿದ ಪಾಸ್ತಾ ಎರಡು ತಟ್ಟೆ ಉಂಡು ಊರಿನ ಸುದ್ದಿ ಹೇಳುತ್ತಿದ್ದ.

ಸವೇರಿಯೊ ಮೂಕಿ ಚಿತ್ರಗಳಲ್ಲಿ ಸೇರಿಕೊಂಡಾಗ ಆನಿಯೆಲ್ಲೊ ಹೋಗಿ ಅಜ್ಜಿಗೆ ಹೇಳಿದ. ಅವಳು ಅಂದಳಂತೆ, "ನೋಡೋಕೆ ನನಗೆ ಕಣ್ಣೆಲ್ಲಿದೆ ಮಗಾ. ಅವನು ಮಾತಾಡೋ ಹಾಗಾದ್ರೆ ಹೇಳು, ಚಿತ್ರ ಕೇಳೋಕೆ ಬರ್ತೀನಿ. ದನಿ ಕೇಳಿ ಎಷ್ಟು ಕಾಲ ಆಯ್ತು."

ಕೆಲವು ವರ್ಷಕ್ಕೇ ಚಿತ್ರಗಳು ಮಾತಾಡತೊಡಗಿದವು. ನಮ್ಮ ಬೀದಿಯ ನಟರ ಮನೆಗಳಲ್ಲಿ ಸೂತಕದ ಕಳೆ ಬಂತು. ನಾಲಿಗೆ ತಿರುಗದ ಇಂಗ್ಲಿಷಿಗೆ ಯಾರು ಕೆಲಸ ಕೊಡುತ್ತಾರೆ? ಸವೇರಿಯೊ ಒಬ್ಬ ಮಾತ್ರ ಕುಣಿದಾಡಿಬಿಟ್ಟ. "ನುಂಜಿ, ಅವ್ವ ಕೇಳ್ತಾಳೆ ಕಣೇ," ಎಂದು ನನ್ನ ಎರಡೂ ಕೈ ಹಿಡಿದುಕೊಂಡ. ಅಲ್ಲಿಂದ ಮುಂದೆ ಅವನು ಬದುಕಿದ್ದೇ ಆ ಒಂದು ಮಾತಿಗಾಗಿ. ಹೆಸರೂ ಬೇಡ, ಮನೆಯೂ ಬೇಡ, ತನ್ನ ದನಿ ಒಮ್ಮೆ ತಾಯಿಯ ಕಿವಿಗೆ ಬೀಳಬೇಕು.

ಮೊದಲನೆಯ ಸಲ ಹೋಟೆಲಿನ ಮಾಣಿಯ ಪಾತ್ರ, ಒಂದೇ ಒಂದು ಸಾಲು. ಯಜಮಾನರೇ, ಕೋಳಿ ಮುಗಿದುಹೋಯಿತು, ಎನ್ನಬೇಕು. ನಾನು ರೂಢಿಯಂತೆ ಕುಂಡದ ಗಿಡದ ಹಿಂದೆ ಅವಿತು ಕೂತು ಎತ್ತಿಕೊಟ್ಟೆ. ಅವನು ಉಸಿರೆಳೆದು ಸೊಗಸಾಗಿ ಹೇಳಿದ. ಆದರೆ ದನಿ ಹಿಡಿಯುವ ಯಂತ್ರದವನು ಕಿವಿಯ ಡಬ್ಬಿ ಕಿತ್ತೆಸೆದು ಎದ್ದು ಬಂದ. "ಯಾವಳ್ರೀ ಅದು, ಗಿಡದೊಳಗೆ ಹಾವಿನ ಥರಾ ಬುಸುಗುಟ್ತಾ ಇರೋಳು?" ನಾವಿಬ್ಬರೂ ಮಿಕಮಿಕ ನೋಡಿದೆವು. ಸಾವಿರ ಜನ ಕೂತ ಸಭೆಯಲ್ಲಿ ಒಬ್ಬರಿಗೂ ಕೇಳದ ನನ್ನ ಪಿಸುಮಾತು ಆ ದರಿದ್ರ ಯಂತ್ರಕ್ಕೆ ಕೇಳಿಬಿಟ್ಟಿತ್ತು. ಇಬ್ಬರನ್ನೂ ಹೊರಗೆ ಹಾಕಿದರು.

ಟ್ರಾಮಿನಿಂದ ಇಳಿಯುವಾಗ ಅವನು ಹೇಳಿದ, "ನೀನಿಲ್ಲದೆ ನನಗೆ ಬರೋದಿಲ್ಲ. ನೀನಿದ್ರೆ ಅವರು ಬಿಡೋದಿಲ್ಲ. ಅವ್ವನಿಗೆ ಏನು ಹೇಳ್ಲಿ?"

"ಗಂಡಸಾಗಿ ಬಾಯಿಪಾಠ ಮಾಡು, ಅಳಬೇಡ," ಎಂದೆ. ಹೇಳುವುದು ಸುಲಭ. ಅವನ ತಲೆಯಲ್ಲಿ ಇಂಗ್ಲಿಷ್ ನಿಲ್ಲಲೊಲ್ಲದು. ಈರುಳ್ಳಿ ಹೆಚ್ಚುತ್ತ ಹೇಳಿಸಿದೆ, ಬಟ್ಟೆ ಹಿಂಡುತ್ತ ಹೇಳಿಸಿದೆ, ತಪ್ಪಿದಾಗ ಸೌಟಿನಿಂದ ಬಡಿದೆ. ನನ್ನ ಮುಂದೆ ಸರಿಯಾಗಿ ಹೇಳುತ್ತಿದ್ದ, ದೀಪದ ಮುಂದೆ ನಿಂತರೆ ಎಲ್ಲ ಮಾಯ. ಕೊನೆಗೆ ನನಗೇ ಒಂದು ಉಪಾಯ ಹೊಳೆಯಿತು. ಕ್ಯಾಮೆರಾದ ಪಕ್ಕ ನಿಂತು, ದನಿಯೇ ಇಲ್ಲದೆ, ಬರೀ ತುಟಿ ಆಡಿಸುವುದು. ಅವನು ನನ್ನ ತುಟಿ ನೋಡಿ, ಉಸಿರೆಳೆದು, ಹೇಳುವುದು. ಬಟ್ಟೆ ಹೊಲಿಯುವ ಹೆಂಗಸರ ಜೊತೆ ನಾನೂ ಸೂಜಿ ದಾರ ಹಿಡಿದು ಒಳಗೆ ನುಸುಳುತ್ತಿದ್ದೆ. ಅವನ ಕಣ್ಣು ಸದಾ ಎಲ್ಲೋ ದೂರ ನೆಟ್ಟಿರುವುದನ್ನು ಕಂಡು ನಿರ್ದೇಶಕರು ಇವನಿಗೆ ಊರಿನ ಹಂಬಲ ತುಂಬಾ ಇದೆ ಎನ್ನುತ್ತಿದ್ದರು. ಪಾತ್ರಗಳು ಸಿಕ್ಕವು. ಆದರೆ ಎಲ್ಲ ಪುಡಿಮಾತು, ಅದೂ ಇಂಗ್ಲಿಷಿನಲ್ಲಿ. ಅದನ್ನು ಕೇಳಿ ಅವ್ವ ಏನು ಮಾಡಬೇಕು ಎಂದು ಕೊರಗುತ್ತಿದ್ದ.

ಕೊನೆಗೆ ಆ ಪಾತ್ರ ಬಂತು. ಬಾಡಿಗೆ ಕೊಡಲಾಗದೆ ಮನೆ ಬಿಡುವ ಮುದಿ ಹಣ್ಣಿನ ವ್ಯಾಪಾರಿ. ಗೋಡೆಯ ಮೇಲಿನ ತಾಯಿಯ ಪಟ ತೆಗೆದು ಅದರ ಜೊತೆ ಮಾತಾಡಬೇಕು. ನಿರ್ದೇಶಕ ಹೇಳಿದ, "ಇಲ್ಲಿ ನಿನ್ನ ಭಾಷೇಲೇ ಏನಾದ್ರೂ ಹೇಳ್ಕೊ. ಯಾರಿಗೂ ಅರ್ಥ ಆಗ್ಬೇಕಾಗಿಲ್ಲ."

ಸವೇರಿಯೊ ನನ್ನ ಕಡೆ ನೋಡಿದ. ಏನು ಎತ್ತಿಕೊಡಬೇಕೆಂದು ನನಗೆ ಗೊತ್ತಿತ್ತು. ತುಟಿ ಆಡಿಸಿದೆ. ಅವನು ಉಸಿರೆಳೆದುಕೊಂಡು, ಪಟ ಎದೆಗೊತ್ತಿಕೊಂಡು, ಅಪ್ಪಟ ನಮ್ಮೂರ ಮಾತಿನಲ್ಲಿ ಹೇಳಿದ: "ಯವ್ವಾ, ನಾನು ಕಣವ್ವಾ, ಸವೇರಿಯೊ. ಬದುಕಿದೀನಿ. ಹೊಟ್ಟೆ ತುಂಬಾ ಉಣ್ತಾ ಇದೀನಿ. ಸಂಜೆ ಕಿಟಕಿ ಹಾಕ್ಕೊಳವ್ವಾ, ಸಮುದ್ರದ ಗಾಳಿ ನಿನಗಾಗಲ್ಲ." ಲಾಸ್ ಏಂಜಲಿಸ್‌ನಲ್ಲಿ ಆ ಚಿತ್ರ ತೋರಿಸಿದಾಗ ನಮ್ಮ ಬೀದಿಗೆ ಬೀದಿಯೇ ಹೋಗಿ ಗೊಳೋ ಎಂದು ಅತ್ತಿತು. ಗಾಡಿ ಬಿತ್ತು ಎನ್ನುತ್ತಿದ್ದ ಮಕ್ಕಳೂ ಒಂದು ವಾರ ಸುಮ್ಮನಿದ್ದವು. ಸವೇರಿಯೊ ಆನಿಯೆಲ್ಲೊನ ಭುಜ ಹಿಡಿದು, "ನಮ್ಮೂರಿಗೆ ಇದು ಬಂದ ದಿನ ಅವಳನ್ನ ಹೊತ್ಕೊಂಡಾದ್ರೂ ಹೋಗು," ಎಂದ.

ಅಲ್ಲಿಗೆ ತಲುಪಲು ಆ ಚಿತ್ರಕ್ಕೆ ವರ್ಷಗಳೇ ಹಿಡಿದವು. ಸವೇರಿಯೊ ಕಾಯುತ್ತಲೇ ಇದ್ದ. ಆಮೇಲೆ ಒಂದು ಭಾನುವಾರ ಆನಿಯೆಲ್ಲೊ ನನ್ನ ಅಡುಗೆಮನೆಗೆ ಬಂದು ಕೂತ. ತಟ್ಟೆ ಮುಂದಿಟ್ಟರೂ ಕೈ ಹಾಕಲಿಲ್ಲ. ಸವೇರಿಯೊ ಅವನೆದುರಿಗೇ ಚಮಚ ಹಿಡಿದು ಕೂತಿದ್ದ.

"ಕರ್ಕೊಂಡು ಹೋಗಿದ್ದೆ ಮಾವಾ," ಎಂದ. "ಹೊಸ ಶಾಲು ಹೊದ್ದು ಬಂದ್ಲು. ಬೀದಿಯವರೆಲ್ಲ ಬಂದಿದ್ರು. ನಿನ್ನ ಮುಖ ಕಾಣ್ತಿದ್ದ ಹಾಗೆ ಎಲ್ರೂ ಸವೇರಿಯೊ ಸವೇರಿಯೊ ಅಂತ ಕೂಗಿದ್ರು. ಅಜ್ಜಿ, ಎಲ್ರೂ ಬಾಯ್ಮುಚ್ಚಿ, ಈಗ ಮಾತಾಡ್ತಾನೆ, ಅಂದ್ಲು. ನೀನು ಪಟ ತಗೊಂಡೆ, ಬಾಯಿ ತೆರೆದೆ."

"ಹೂಂ?"

"ನಿನ್ನ ದನಿ ಇರ್ಲಿಲ್ಲ ಮಾವಾ. ಈಗ ಅಲ್ಲಿ ಪರದೇಶದ ಮಾತು ಪರದೆ ಮೇಲೆ ಬರಕೂಡದು ಅಂತ ಸರಕಾರದ ಕಟ್ಟಪ್ಪಣೆ. ರೋಮಿನಲ್ಲಿ ಯಾರ್ಯಾರನ್ನೋ ಕೂರಿಸಿ ಎಲ್ಲರ ಮಾತೂ ಹೊಸದಾಗಿ ಹೇಳಿಸ್ತಾರೆ. ನಿಂದೂ ಒರೆಸಿಹಾಕಿ ಬೇರೆಯವನ ಕೈಲಿ ಹೇಳಿಸಿದಾರೆ. ರೇಡಿಯೊದಲ್ಲಿ ವಾರ್ತೆ ಓದೋನ ಥರಾ. 'ಪೂಜ್ಯ ಮಾತೆಯೇ, ನಿಮ್ಮ ಪುತ್ರನು ಪರದೇಶದಲ್ಲಿ ಕ್ಷೇಮದಿಂದಿರುವನು' ಅಂತ."

ಸವೇರಿಯೊ ನಗಲು ನೋಡಿದ. "ಮಾತೆಯೇ ಅಂದ್ನಾ? ಅವ್ವ ಎದ್ದು ಹೊಡೆದಿರ್ತಾಳೆ."

"ಅವಳು, ಇವನಲ್ಲ, ಅಂದ್ಲು. ಅಜ್ಜಿ, ಅವನೇ, ನಾನು ನೋಡ್ತಾ ಇದೀನಲ್ಲ, ಅಂದೆ. ನೀನು ನೋಡ್ತೀಯ, ನಾನು ಕೇಳ್ತೀನಿ, ಅಂದ್ಲು. ನನ್ನ ಮಗ ಇದ್ದಿದ್ರೆ ಅವನೇ ಮಾತಾಡ್ತಿದ್ದ. ಹೋಗಿಬಿಟ್ಟಿದಾನೆ. ಅದಕ್ಕೇ ಬೇರೆಯವನ ಕೈಲಿ ಹೇಳಿಸಿದಾರೆ, ಅಂದ್ಲು. ಎಲ್ರೂ ಹೇಳಿದ್ವಿ ಮಾವಾ. ಪಾದ್ರಿ ಬಂದು ನಿನ್ನ ಕಾಗದ ಓದಿದ್ರು. ಕಾಗದ ಯಾರು ಬೇಕಾದ್ರೂ ಬರೀಬಹುದು, ಅಂದ್ಲು. ಸೂತಕದ ಕಪ್ಪು ಉಟ್ಟಿದಾಳೆ. ಇಗರ್ಜಿಯಲ್ಲಿ ನಿನ್ನ ಹೆಸರಲ್ಲಿ ಸತ್ತವರ ಪೂಜೇನೂ ಆಯ್ತು."

ಸವೇರಿಯೊ ತಲೆ ಚಚ್ಚಿಕೊಳ್ಳಲಿಲ್ಲ. ಚಮಚವನ್ನು ಮೆಲ್ಲಗೆ ತಟ್ಟೆಯ ಪಕ್ಕದಲ್ಲಿಟ್ಟ. "ಯಾರ್ಯಾರು ಬಂದಿದ್ರು?" ಎಂದು ಕೇಳಿದ. ಆನಿಯೆಲ್ಲೊ ಹೆಸರು ಹೇಳುತ್ತ ಹೋದ. "ಆ ದರ್ಜಿ ಪಾಸ್ಕಾಲೆ ಬರ್ಲಿಲ್ವಾ? ಒಂದೇ ಬೆಂಚಲ್ಲಿ ಕೂತು ಓದಿದೋರು ನಾವು," ಎಂದ. ಅಷ್ಟು ಹೇಳಿ ಮೇಜಿನ ಮೇಲೆ ತಲೆಯಿಟ್ಟು ಅತ್ತ. ನಾಟಕದಲ್ಲಿ ಅವನು ಅಳುವುದನ್ನು ನಾನು ಬೇಕಾದಷ್ಟು ಸಲ ಕಂಡವಳು. ಇದು ಹಾಗಿರಲಿಲ್ಲ, ಕೇಳಲು ಕೆಟ್ಟದಾಗಿತ್ತು. ನನಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು. ಬದುಕಿರುವವನ ಬಾಯಿಂದ ದನಿ ಕಿತ್ತು ಎಸೆದರಲ್ಲ, ಅವರ ಕೈ ಸೇದಿಹೋಗ ಎಂದು ಶಾಪ ಹಾಕಿದೆ.

"ಏಳು, ಮುಖ ತೊಳ್ಕೊ," ಎಂದೆ. "ಪೇಟೇಲಿ ವಾದ್ಯದ ಅಂಗಡಿಯವನು ಗ್ರಾಮಫೋನಿಗೆ ಹಾಕೋ ದನಿ ತಟ್ಟೆ ಮಾಡಿಕೊಡ್ತಾನೆ. ನೀನೇ ಮಾತಾಡು. ಹುಡುಗ ಕೈಯಾರೆ ಹೊತ್ಕೊಂಡು ಹೋಗಿ ಕೇಳಿಸ್ತಾನೆ. ಅದನ್ನ ಹೇಗೆ ಒರೆಸ್ತಾರೋ ನೋಡೋಣ."

ಮರುದಿನ ಮಧ್ಯಾಹ್ನ ಹಡಗು ಹೊರಡುವುದಿತ್ತು. ಬೆಳಗ್ಗೆಯೇ ಮೂವರೂ ಹೋದೆವು. ಬೀರುವಿನಷ್ಟು ಚಿಕ್ಕ ಗಾಜಿನ ಕೋಣೆ, ಒಳಗೊಂದು ದನಿ ಹಿಡಿಯುವ ಡಬ್ಬಿ. ನಾನು ಅವನೆದುರು ಗೋಡೆಗೆ ಅಂಟಿಕೊಂಡು ನಿಂತು ತುಟಿ ಆಡಿಸಿದೆ. ಅವನು ನೋಡಲಿಲ್ಲ. ಅವನ ಕಣ್ಣು ತುಂಬಿ ಹರಿಯುತ್ತಿತ್ತು, ಏನೂ ಕಾಣುತ್ತಿರಲಿಲ್ಲ. ತಟ್ಟೆ ತಿರುಗುತ್ತಿತ್ತು, ಮುಳ್ಳು ಕೊರೆಯುತ್ತಿತ್ತು, ಅವನು ಬಾಯಿ ತೆರೆದು ಸುಮ್ಮನೆ ನಿಂತಿದ್ದ. ತಾಯಿಗೆ ಹೇಳಬೇಕಾದದ್ದನ್ನೇ ಮರೆತ ಮಗನನ್ನು ನಾನು ಇನ್ನೆಲ್ಲೂ ಕಂಡಿಲ್ಲ. ನನಗೆ ತಡೆಯಲಾಗಲಿಲ್ಲ. ಬಗ್ಗಿ ಅವನ ಕಿವಿಯಲ್ಲಿ ಪಿಸುಗುಟ್ಟಿದೆ: ಯವ್ವಾ, ನಾನು ಕಣವ್ವಾ, ಸವೇರಿಯೊ. ಅವನು ಉಸಿರೆಳೆದುಕೊಂಡು ಹೇಳಿದ. ಹಾಗೇ ಒಂದೊಂದೇ ಸಾಲು, ಮೊದಲು ನಾನು, ಆಮೇಲೆ ಅವನು, ಕಿಟಕಿ ಹಾಕ್ಕೊಳವ್ವಾ ಎನ್ನುವ ತನಕ.

ಅಂಗಡಿಯವನು ತಟ್ಟೆ ಹಾಕಿ ಕೇಳಿಸಿದ. ನನ್ನ ಪಿಸುಮಾತು ಸ್ಪಷ್ಟವಾಗಿ ಕೇಳುತ್ತಿತ್ತು. "ಯಾರೋ ಹೇಳಿಕೊಡ್ತಿರೋ ಹಾಗಿದೆ. ಇನ್ನೊಂದ್ಸಲ ಮಾಡೋಣ್ವಾ?" ಎಂದ. ಸವೇರಿಯೊ ಬೆಂಚಿನ ಮೇಲೆ ಕುಸಿದು ಕೂತಿದ್ದ. ಅವನಿಂದ ಇನ್ನೊಂದು ಮಾತು ಹೊರಡುವಂತಿರಲಿಲ್ಲ, ಹಡಗಿಗೂ ಹೊತ್ತಾಗುತ್ತಿತ್ತು. ಅದನ್ನೇ ಚಿಂದಿಯಲ್ಲಿ ಸುತ್ತಿ ಕೊಟ್ಟೆವು. "ಮೆತ್ತನೆ ಲೋಹ ಇದು. ಉಕ್ಕಿನ ಮುಳ್ಳು ಹಾಕಿದ್ರೆ ಕೆರೆದುಹೋಗ್ತದೆ, ಬಿದಿರಿನ ಮುಳ್ಳೇ ಹಾಕ್ಬೇಕು. ಆದ್ರೂ ಹಾಕಿದಷ್ಟೂ ಸವೀತದೆ," ಎಂದ ಅಂಗಡಿಯವನು. ಮನೆಗೆ ಬಂದು ನಾನು ಎದೆ ಎದೆ ಬಡಿದುಕೊಂಡೆ. ಯಾರೋ ಹೆಂಗಸು ಯಾರೋ ಗಂಡಸಿಗೆ ಹೇಳಿಕೊಡುತ್ತಿದ್ದಾಳೆ ಎಂದು ಮುದುಕಿಗೆ ಖಾತ್ರಿಯಾಗಿಬಿಡುತ್ತದೆ ಎಂಬ ಭಯ ನನ್ನನ್ನು ಬಿಡಲಿಲ್ಲ.

ಆ ಚಳಿಗಾಲ ಒಂದು ಚಿತ್ರದಲ್ಲಿ ಶವಯಾತ್ರೆಯ ದೃಶ್ಯವಿತ್ತು. ಕೊಳಾಯಿಯಿಂದ ಮಳೆ ಸುರಿಸುತ್ತ ಇಡೀ ದಿನ ಜನರನ್ನು ನಿಲ್ಲಿಸಿದರು. ಹಿಂದಿನ ಸಾಲಿನಲ್ಲಿ ಸವೇರಿಯೊ ಟೋಪಿ ಕೈಯಲ್ಲಿ ಹಿಡಿದು ನೆನೆದ. ಮಾತಿಲ್ಲದ ಪಾತ್ರ, ನಾನು ಹೋಗಿರಲಿಲ್ಲ. ಜ್ವರ ಎದೆಗಿಳಿಯಿತು. ಆಸ್ಪತ್ರೆಯಲ್ಲಿ ದಿನಾ ಒಂದೇ ಪ್ರಶ್ನೆ, "ಆನಿಯೆಲ್ಲೊ ಬಂದ್ನಾ? ಅವ್ವ ಏನಂದ್ಲಂತೆ?" ಬರ್ತಾನೆ, ಬರ್ತಾನೆ, ಎನ್ನುತ್ತಿದ್ದೆ.

ಕೊನೆಯ ದಿನ ಪಾದ್ರಿ ಬಂದು ಪ್ರಾರ್ಥನೆ ಹೇಳು ಎಂದರು. ಅವನಿಗೆ ಅದೂ ನೆನಪಿಗೆ ಬರಲಿಲ್ಲ. ನನ್ನ ಕಡೆ ನೋಡಿದ. ನಾನು ತಲೆದಿಂಬಿನ ಹತ್ತಿರ ಬಗ್ಗಿ ಸಾಲು ಎತ್ತಿಕೊಟ್ಟೆ. ಅವನು ಉಸಿರೆಳೆದು ಹೇಳಿದ. ಇನ್ನೊಂದು ಕೊಟ್ಟೆ, ಹೇಳಿದ. ಮುಂದಿನದು ಕೊಟ್ಟೆ. ಅವನು ಉಸಿರೆಳೆದುಕೊಂಡ. ನಾನು ಕಾದೆ. ಮಾತು ಬರಲಿಲ್ಲ.

ನಾನು ಅವನ ಹೆಂಡತಿಯಲ್ಲ. ಅವನು ಕೇಳಲಿಲ್ಲ. ಕೇಳಿದ್ದರೆ ಹೂಂ ಎನ್ನುತ್ತಿದ್ದೆ. ಅವನು ಹೋದ ದಿನದಿಂದ ಕಪ್ಪು ಉಟ್ಟಿದ್ದೇನೆ, ಬೀದಿಯವರು ಏನಾದರೂ ಅಂದುಕೊಳ್ಳಲಿ.

ಮಣ್ಣು ಮಾಡಿ ಬಂದ ಕೆಲವು ವಾರಕ್ಕೆ ಆನಿಯೆಲ್ಲೊ ಹಲ್ಲು ಕಿಸಿಯುತ್ತ ಬಾಗಿಲಲ್ಲಿ ನಿಂತ. ಕೈಯಲ್ಲಿ ಅಜ್ಜಿ ಕಳಿಸಿದ ಒಣ ಅಂಜೂರದ ಸರ. ನನ್ನ ಉಡುಪನ್ನೂ ನೋಡದೆ ಶುರುಮಾಡಿದ. "ದೊನ್ನಾ ನುಂಜಿ, ಕೆಲಸ ಆಯ್ತು. ಔಷಧಿ ಅಂಗಡಿಯವರ ಗ್ರಾಮಫೋನಿನಲ್ಲಿ ಹಾಕಿದ್ವಿ. ಮೊದಲು ನಿಮ್ಮ ಪಿಸಪಿಸ. ನನ್ನ ಜೀವವೇ ಹೋಯ್ತು. ಅಜ್ಜಿ ಕಿವಿ ನಿಮಿರಿಸಿ ಕೂತ್ಲು. ಆಮೇಲೆ ಮಾವನ ಉಸಿರು. ಮಾತು ಬರೋಕೆ ಮುಂಚೆಯೇ, ಇವನೇ, ಅಂದ್ಲು. ಇವನೇ, ನನ್ನ ಮಗ, ಇನ್ನೂ ಎತ್ತಿಕೊಡಬೇಕು ನೋಡು ಇವನಿಗೆ ಅಂತ ನಕ್ಕಳು. ಆ ಹೆಂಗಸು ಯಾರು, ಒಳ್ಳೇವಳಿರ್ಬೇಕು, ಅಂದ್ಲು. ಅಲ್ಲೇ ಕಪ್ಪು ಶಾಲು ಕಿತ್ತೆಸೆದ್ಲು. ಮಾವ ಎಲ್ಲಿ?"

ಹೇಳಿದೆ. ಅವನು ಹೊಸ್ತಿಲ ಮೇಲೆ ಕೂತುಬಿಟ್ಟ. ಅಂಜೂರದ ಸರ ಮಡಿಲಲ್ಲಿಟ್ಟುಕೊಂಡ.

"ಅಜ್ಜಿಗೆ ಏನು ಹೇಳ್ಲಿ?"

"ಏನೂ ಹೇಳ್ಬೇಡ. ಇವನಿಗಾಗಿ ಒಂದ್ಸಲ ಅತ್ತಾಗಿದೆ, ಪೂಜೆನೂ ಮಾಡಿಸಿದ್ದಾಳೆ. ಒಬ್ಬ ಮಗನಿಗೆ ಎಷ್ಟು ಸಲ ಅಳ್ಬೇಕು ಅವಳು?"

"ಕಾಗದ ಬರದೇ ಇದ್ರೆ?"

"ಕಾಗದ ಅವಳು ನಂಬೋದಿಲ್ಲ ಅಂದೆಯಲ್ಲ. ಕಪ್ಪು ಉಡೋಕೆ ಇಲ್ಲಿ ನಾನಿದೀನಿ. ಅವಳು ಬಣ್ಣದ್ದೇ ಉಟ್ಕೊಂಡಿರಲಿ."

ಅವನು ಮಾತು ಉಳಿಸಿಕೊಂಡಿದ್ದಾನೆ, ಒಳ್ಳೆಯ ಹುಡುಗ. ಕಳೆದ ಸಲ ಬಂದಾಗ ತಟ್ಟೆ ಹೇಗಿದೆ ಎಂದು ಕೇಳಿದೆ. ಪ್ರತಿ ಭಾನುವಾರ ಪೂಜೆ ಮುಗಿಸಿ ಔಷಧಿ ಅಂಗಡಿಗೆ ಹೋಗಿ ಹಾಕಿಸಿಕೊಳ್ಳುತ್ತಾಳಂತೆ. ಬಿದಿರಿನ ಮುಳ್ಳಾದರೂ ಸವೆದಿದೆಯಂತೆ.

"ನಿಮ್ಮ ದನಿ ಅಳಿಸಿಹೋಯ್ತು ದೊನ್ನಾ ನುಂಜಿ," ಎಂದ, ತಪ್ಪು ತನ್ನದೇ ಎಂಬಂತೆ. "ಮೆಲ್ಲಗಿತ್ತಲ್ಲ, ಮೊದಲು ಅದೇ ಹೋಯ್ತು. ಮಾವನದು ಇನ್ನೂ ಇದೆ. ನೀವು ಹೇಳೋ ಜಾಗದಲ್ಲಿ ಬರೀ ಸರಸರ ಅನ್ನತ್ತೆ."

"ಹೋಗ್ಲಿ ಬಿಡು. ಅವಳೇನು ಮಾಡ್ತಾಳೆ ಆಗ?"

"ಗ್ರಾಮಫೋನಿನ ಹತ್ರ ಬಗ್ಗಿ ನಿಂತ್ಕೊಂಡು ಅವಳೇ ಮೆಲ್ಲಗೆ ಹೇಳ್ತಾಳೆ. ಎಲ್ಲ ಸಾಲೂ ಬಾಯಿಗೆ ಬಂದಿದೆ. ಅವಳು ಹೇಳಿ ಮುಗಿಸ್ತಿದ್ದ ಹಾಗೆ ಮಾವ ಉಸಿರು ಎಳ್ಕೊಂಡು ಹೇಳ್ತಾನೆ."